ಡಿಮ್ಯಾಟ್ ಚಾರ್ಜು ಏರಿಸಿದರು, ಬಿಟ್ಟು ಹೋಗೋಕೂ ದುಡ್ಡು ಕೇಳ್ತಿದ್ದಾರೆ: ಯಾವುದನ್ನು ಕೊಡಬೇಕು, ಯಾವುದನ್ನು ಪ್ರಶ್ನಿಸಬೇಕು?

ಬಸವನಗುಡಿ_ಬಂಡವಾಳ

ಬ್ರೋಕಿಂಗ್ ಆ್ಯಪ್‌ಗಳು ದರ ಏರಿಸಿದಾಗಲೆಲ್ಲ ಇಲ್ಲಿ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತೆ. ಒಂದು ಕಡೆ ಬಗೆಹರಿಸೋಣ ಅಂತ ಈ ಎಳೆ. ಕಂಪನಿಗಳ ಹೆಸರು ಬೇಡ, ನಿಯಮ ಎಲ್ಲರಿಗೂ ಒಂದೇ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡಿಮ್ಯಾಟ್ ಖಾತೆಯ (ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆ) ವಾರ್ಷಿಕ ಶುಲ್ಕ ₹300 ಇದ್ದದ್ದು ₹600 ಆಗಿದೆ ಅಂತ ಮೇಲ್ ಬರುತ್ತೆ. ಬೇಡ, ಬೇರೆ ಕಡೆ ಹೋಗ್ತೀನಿ ಅಂದರೆ ಸಹಾಯವಾಣಿಯಲ್ಲಿ ಉತ್ತರ: "ಪ್ರತಿ ಷೇರಿಗೆ ₹25, ಅದರ ಮೇಲೆ ಜಿಎಸ್‌ಟಿ." ಇಲ್ಲಿ "ಪ್ರತಿ ಷೇರು" ಅಂದರೆ ಪ್ರತಿ ಐಎಸ್‌ಐಎನ್, ಅಂದರೆ ಪ್ರತಿ ಕಂಪನಿ. 31 ಕಂಪನಿಯ ಷೇರು ಇದ್ದವರಿಗೆ 775 ರೂಪಾಯಿ, 18% ಜಿಎಸ್‌ಟಿ ಸೇರಿ ₹914.50.

ಪ್ರಶ್ನೆ ಮೂರು. ಈ ₹914.50 ಕೇಳೋ ಹಕ್ಕು ಅವರಿಗಿದೆಯಾ? ಈಗಾಗಲೇ ಕಟ್ಟಿದ ವಾರ್ಷಿಕ ಶುಲ್ಕ ವಾಪಸ್ ಬರುತ್ತಾ? ಏಕಾಏಕಿ ದರ ಏರಿಸಿದ್ದನ್ನೇ ಪ್ರಶ್ನಿಸಬಹುದಾ?

(ಈ ಎಳೆಯಲ್ಲಿ ಎಎಂಸಿ ಅಂದರೆ ವಾರ್ಷಿಕ ನಿರ್ವಹಣಾ ಶುಲ್ಕ. ಮ್ಯೂಚುವಲ್ ಫಂಡ್ ಕಂಪನಿಗೂ ಎಎಂಸಿ ಅಂತಾರೆ. ಅದಕ್ಕೆ "ಫಂಡ್ ಹೌಸ್" ಅಂತಲೇ ಬರೆಯಿರಿ, ಗೊಂದಲ ಬೇಡ.)

ಡಿಪಿ_ಡೆಸ್ಕ್

ಮೊದಲನೇ ಪ್ರಶ್ನೆಗೆ: ಎಲ್ಲ ಷೇರನ್ನೂ ನಿಮ್ಮದೇ ಇನ್ನೊಂದು ಖಾತೆಗೆ ಸಾಗಿಸಿ ಹಳೆಯದನ್ನು ಮುಚ್ಚುತ್ತಿದ್ದರೆ, ಇಲ್ಲ. ಒಂದು ಪೈಸೆಯೂ ಕೇಳುವಂತಿಲ್ಲ.

ಆಧಾರ ಷೇರುಪೇಟೆ ನಿಯಂತ್ರಕ ಸೆಬಿಯ 2005ರ ನವೆಂಬರ್ 9ರ ಸುತ್ತೋಲೆ. 2006ರ ಜನವರಿ 9ರಿಂದ ಜಾರಿಯಲ್ಲಿದೆ. ಖಾತೆದಾರ ತನ್ನ ಖಾತೆಯಲ್ಲಿರುವ ಎಲ್ಲ ಸೆಕ್ಯುರಿಟಿಗಳನ್ನೂ ಅದೇ ಡಿಪಿಯ (ಡಿಪಾಸಿಟರಿ ಪಾರ್ಟಿಸಿಪೆಂಟ್, ಅಂದರೆ ನಮ್ಮ ಡಿಮ್ಯಾಟ್ ಖಾತೆ ನಡೆಸುವ ಬ್ರೋಕರ್ ಅಥವಾ ಬ್ಯಾಂಕ್) ಬೇರೆ ಶಾಖೆಗೆ, ಅದೇ ಡಿಪಾಸಿಟರಿಯ (ಈ ಖಾತೆಗಳ ಕೇಂದ್ರ ದಾಖಲೆ ಇಡುವ ಸಂಸ್ಥೆ, ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್) ಬೇರೆ ಡಿಪಿಗೆ ಅಥವಾ ಇನ್ನೊಂದು ಡಿಪಾಸಿಟರಿಗೆ ವರ್ಗಾಯಿಸಿದರೆ ಡಿಪಾಸಿಟರಿ ಡಿಪಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಡಿಪಿ ಖಾತೆದಾರನಿಂದ ತೆಗೆದುಕೊಳ್ಳುವಂತಿಲ್ಲ. ಷರತ್ತು ಒಂದೇ: ಎರಡೂ ಖಾತೆ ಎಲ್ಲ ರೀತಿಯಲ್ಲೂ ಒಂದೇ ಆಗಿರಬೇಕು. ಜಂಟಿ ಖಾತೆಯಾದರೆ ಹೊಸದೂ ಜಂಟಿಯಾಗಿ, ಹೆಸರುಗಳು ಅದೇ ಕ್ರಮದಲ್ಲಿರಬೇಕು. ಗಂಡ ಮೊದಲು ಹೆಂಡತಿ ಎರಡನೇದು ಅಂತ ಇದ್ದದ್ದು ಹೊಸ ಖಾತೆಯಲ್ಲಿ ಹೆಂಡತಿ ಮೊದಲು ಆಯಿತೋ, ವಿನಾಯಿತಿ ಹೋಯಿತು.

ಕೌಂಟರಿನಲ್ಲಿ "ಅದು 2005ರದ್ದು ಸರ್, ಹಳೇದು" ಅಂತ ಹೇಳೋರಿದ್ದಾರೆ. ಹಳೆಯದು ನಿಜ, ರದ್ದಾಗಿಲ್ಲ. ಸೆಬಿ ಡಿಪಾಸಿಟರಿಗಳಿಗಾಗಿ ಹೊರಡಿಸುವ ಮಾಸ್ಟರ್ ಸರ್ಕ್ಯುಲರ್‌ನಲ್ಲಿ (ಜಾರಿಯಲ್ಲಿರುವ ಸುತ್ತೋಲೆಗಳನ್ನು ಒಟ್ಟುಗೂಡಿಸಿದ್ದು) ಇದೇ ಸಾಲು ಕೂತಿದೆ. ದೂರು ಬರೆಯುವಾಗ ಎರಡನ್ನೂ ಹೆಸರಿಸಿ, ಹಳೇದು ಅನ್ನೋ ವಾದ ಅಲ್ಲೇ ನಿಲ್ಲುತ್ತೆ.

ಕೆಎ25

ಡಿಪಿ_ಡೆಸ್ಕ್ ಸರ್ ಹೇಳಿದ್ದು ಖರೇನ ಅದ. ಆದ್ರ ಹತ್ತರಾಗ ಎಂಟು ಮಂದಿ ಸಿಕ್ಕಿ ಬೀಳೋದು ನಿಯಮದಾಗ ಅಲ್ರೀ, ಫಾರ್ಮಿನ್ಯಾಗ.

ಷೇರು ಸಾಗಸಾಕ ಎರಡು ದಾರಿ ಅದಾವು. ಒಂದು, ಸಾದಾ ಆಫ್-ಮಾರ್ಕೆಟ್ ವರ್ಗಾವಣೆ, ಅಂದ್ರ ಪ್ಯಾಟಿನ್ಯಾಗ ಮಾರದ ನೇರ ಖಾತಿಯಿಂದ ಖಾತಿಗೆ: ಡಿಐಎಸ್ ಸ್ಲಿಪ್ (ಷೇರು ಕಳಸಾಕ ಡಿಪಿಗೆ ಕೊಡೋ ಚೀಟಿ) ತುಂಬೋದು, ಇಲ್ಲಾ ಸಿಡಿಎಸ್‌ಎಲ್‌ನ ಈಸಿಯೆಸ್ಟ್ ಅನ್ನೋ ಆನ್‌ಲೈನ್ ಸೌಲಭ್ಯದಾಗ ಹೊಸ ಖಾತೆ ಸೇರಿಸಿ ಆನ್‌ಲೈನ್ ಕಳಸೋದು. ಇನ್ನೊಂದು, "ಕ್ಲೋಷರ್-ಕಮ್-ಟ್ರಾನ್ಸ್‌ಫರ್": ಖಾತಿ ಮುಚ್ಚೋ ಅರ್ಜಿನೂ ವರ್ಗಾವಣೆನೂ ಒಂದ ಫಾರ್ಮಿನ್ಯಾಗ.

ಈಸಿಯೆಸ್ಟ್ ಚಲೋ ಅದ, ಮನ್ಯಾಗ ಕೂತ ಆಗತದ. ಹಂಗಂತ ಮಂದಿ 31 ಐಎಸ್‌ಐಎನ್ ಅದರಾಗ ಕಳಸ್ತಾರ, ಆಮ್ಯಾಲೆ ಖಾಲಿ ಖಾತಿ ಮುಚ್ಚಾಕ ಅರ್ಜಿ ಹಾಕ್ತಾರ. ಡಿಪಿ ಕಂಪ್ಯೂಟರಿಗೆ ಅವು 31 ಬಿಡಿ ವರ್ಗಾವಣಿ. ದರಪಟ್ಟಿ ಪ್ರಕಾರ 31 ಸಲ ಚಾರ್ಜ್ ಹಚ್ಚತದ. ಮುಂದ ಜಗಳಾ ಮಾಡಿದ್ರ "ನೀವು ಕ್ಲೋಷರ್ ಕೇಳಿರಲಿಲ್ಲ" ಅಂತಾರ, ಅವರ ಮಾತಿಗೂ ಒಂದು ಬುಡ ಸಿಗತದ.

ಫಾರ್ಮಿನ್ಯಾಗ ನೋಡಬೇಕಾದ್ದು ಒಂದ ಜಾಗಾ. "ಖಾತೆಯಲ್ಲಿರುವ ಷೇರುಗಳನ್ನು ಏನು ಮಾಡಬೇಕು" ಅನ್ನೋ ಕಡೆ ಬಾಕ್ಸ್ ಇರ್ತಾವು: ಷೇರೇ ಇಲ್ಲ, ಬೇರೆ ಖಾತೆಗೆ ವರ್ಗಾಯಿಸಿ, ರಿಮ್ಯಾಟ್ ಮಾಡಿ (ಅಂದ್ರ ಕಾಗದದ ಸರ್ಟಿಫಿಕೇಟ್ ಮಾಡೋದು). ಎರಡನೇದಕ್ಕ ಟಿಕ್ ಹಾಕಿ ಹೊಸ ಡಿಪಿ ಐಡಿ, ಕ್ಲೈಂಟ್ ಐಡಿ ತುಂಬ್ರಿ. ಹೊಸ ಖಾತಿಯ ಸಿಎಂಆರ್, ಅಂದ್ರ ಕ್ಲೈಂಟ್ ಮಾಸ್ಟರ್ ರಿಪೋರ್ಟ್, ಹೊಸ ಡಿಪಿ ಸೀಲು-ಸಹಿ ಇರೋದನ್ನ ಲಗತ್ತಿಸ್ರಿ, ನಿಮ್ಮ ಸಹಿನೂ ಹಾಕ್ರಿ. ಎರಡೂ ಖಾತಿ ಒಬ್ಬರದೇ ಅಂತ ತೋರ್ಸೋ ಕಾಗದ ಇದೊಂದ.

ನಂಬರಿನ್ಯಾಗೂ ಒಂದು ಎಡವಟ್ಟು. ಸಿಡಿಎಸ್‌ಎಲ್ ಖಾತಿ ಪೂರ್ತಿ 16 ಅಂಕಿ. ಎನ್‌ಎಸ್‌ಡಿಎಲ್ ಖಾತಿ "ಐಎನ್" ಅಂತ ಶುರು ಆಗತದ, ಮುಂದ 14 ಅಂಕಿ. ಒಂದು ಡಿಪಾಸಿಟರಿಯಿಂದ ಇನ್ನೊಂದಕ್ಕ ಹೋಗೋದಿದ್ರ ಸ್ಲಿಪ್‌ನ್ಯಾಗ "ಇಂಟರ್ ಡಿಪಾಸಿಟರಿ" ಕಲಮು ಬ್ಯಾರೆ ಇರ್ತದ. ತಪ್ಪು ಕಲಮಿನ್ಯಾಗ ಬರದ್ರ ಅರ್ಜಿ ತಿರಗಿ ಬರತದ, ವಾರ ಹೋಗತದ.

ಹಾಸನದ_ಹೂಡಿಕೆ

ಒಂದು ಅನುಮಾನ. ಈಸಿಯೆಸ್ಟ್‌ನಲ್ಲಿ ಎಲ್ಲ ಷೇರನ್ನೂ ಒಂದೇ ದಿನ ಸಾಗಿಸಿ ಮಾರನೇ ದಿನ ಮುಚ್ಚಲು ಕೊಟ್ಟಿದ್ದರೆ? ಸುತ್ತೋಲೆಯಲ್ಲಿ "ಎಲ್ಲ ಸೆಕ್ಯುರಿಟಿಗಳನ್ನೂ ವರ್ಗಾಯಿಸಿದರೆ" ಅಂತ ಮಾತ್ರ ಇದೆ, ಇಂಥ ಫಾರ್ಮಿನಲ್ಲೇ ಅಂತ ಇಲ್ಲವಲ್ಲ?

ಡಿಪಿ_ಡೆಸ್ಕ್

ವಾದ ಸರಿಯಾಗಿದೆ, ಕೈಬಿಡಬೇಡಿ. ಎಲ್ಲವೂ ಹೋಗಿದೆ, ಎರಡೂ ಖಾತೆ ಒಬ್ಬರದೇ, ಹಳೇದು ಮುಚ್ಚಿದೆ. ಈ ಮೂರಕ್ಕೂ ದಾಖಲೆ ಇದ್ದರೆ ವಾಪಸ್ ಕೇಳಿ. ಆದರೆ ಇದು ವಾದ ಮಾಡಿ ಗೆಲ್ಲಬೇಕಾದ ಕೇಸು. ಕ್ಲೋಷರ್-ಕಮ್-ಟ್ರಾನ್ಸ್‌ಫರ್ ಫಾರ್ಮ್ ಕೊಟ್ಟಿದ್ದರೆ ವಾದವೇ ಬೇಕಿರಲಿಲ್ಲ. ಇನ್ನೂ ಸಾಗಿಸದವರು ಆ ಫಾರ್ಮೇ ಹಿಡಿಯಿರಿ.

ಅರ್ಧ ಷೇರು ಇಲ್ಲೇ ಬಿಟ್ಟು ಅರ್ಧ ಸಾಗಿಸಿದರೆ ಶುಲ್ಕ ಕೊಡಲೇಬೇಕು. ಮಗನ ಖಾತೆಗೆ, ತಮ್ಮನ ಖಾತೆಗೆ ಕಳಿಸಿದರೂ ಅಷ್ಟೇ. ಅದಕ್ಕೆ ಈ ಸುತ್ತೋಲೆ ತೋರಿಸಿ ನಗೆಪಾಟಲಾಗಬೇಡಿ.

ಕಾಲುವರ್ಷ

ಎರಡನೇ ಪ್ರಶ್ನೆ, ಎಎಂಸಿ ವಾಪಸಾತಿ. ಇದನ್ನು ಕೇಳುವವರೇ ಕಡಿಮೆ. 2010ರ ಜುಲೈ 1ರ ಸೆಬಿ ಸುತ್ತೋಲೆ ಪ್ರಕಾರ, ವರ್ಷಕ್ಕೋ ಅರ್ಧ ವರ್ಷಕ್ಕೋ ಮುಂಗಡವಾಗಿ ಪಡೆದ ಎಎಂಸಿಯಲ್ಲಿ ಉಳಿದ ತ್ರೈಮಾಸಿಕಗಳ ಪಾಲನ್ನು, ಖಾತೆ ಮುಚ್ಚಿದಾಗ ಅಥವಾ ಬೇರೆ ಡಿಪಿಗೆ ಹೋದಾಗ ಹಿಂದಿರುಗಿಸಬೇಕು. ಮೊದಲ ತ್ರೈಮಾಸಿಕದಲ್ಲಿ ಮುಚ್ಚಿದರೆ ಮುಕ್ಕಾಲು, ಎರಡನೇದರಲ್ಲಿ ಅರ್ಧ, ಮೂರನೇದರಲ್ಲಿ ಕಾಲು ಭಾಗ. ನಾಲ್ಕನೇದರಲ್ಲಿ ಏನೂ ಇಲ್ಲ.

ಇಲ್ಲಿ ಏಪ್ರಿಲ್-ಜೂನ್ ಅಂತ ಲೆಕ್ಕ ಹಾಕಬೇಡಿ. ತ್ರೈಮಾಸಿಕ ಎಣಿಸುವುದು ಖಾತೆ ತೆರೆದ ದಿನದಿಂದ. ಜೂನ್ 18ಕ್ಕೆ ತೆರೆದ ಖಾತೆಗೆ ಮೊದಲ ತ್ರೈಮಾಸಿಕ ಸೆಪ್ಟೆಂಬರ್ 17ಕ್ಕೆ, ಎರಡನೇದು ಡಿಸೆಂಬರ್ 17ಕ್ಕೆ, ಮೂರನೇದು ಮಾರ್ಚ್ 17ಕ್ಕೆ ಮುಗಿಯುತ್ತೆ. ₹600 ಕಟ್ಟಿದವರ ಖಾತೆ ಡಿಸೆಂಬರ್ 10ಕ್ಕೆ ಮುಚ್ಚಿದರೆ ₹300 ವಾಪಸ್, ಡಿಸೆಂಬರ್ 20ಕ್ಕೆ ಮುಚ್ಚಿದರೆ ₹150. ಹತ್ತು ದಿನದ ಆಲಸ್ಯಕ್ಕೆ ನೂರೈವತ್ತು. ಅರ್ಜಿ ಕೊಟ್ಟ ದಿನವಾ, ಮುಚ್ಚಿದ ದಿನವಾ ಅನ್ನೋ ತಕರಾರೇ ಬರದಂತೆ ಗಡುವಿಗೆ ಎರಡು ವಾರ ಮೊದಲೇ ಕೊಟ್ಟು ಸ್ವೀಕೃತಿ ಪಡೆಯಿರಿ.

ವಾಪಸ್ ಬಂದಾಗ ಲೆಡ್ಜರ್, ಅಂದರೆ ಖಾತೆಯ ಜಮಾ-ಖರ್ಚಿನ ಪಟ್ಟಿ, ತೆಗೆದು ನೋಡಿ. ₹600ರ ಜೊತೆ ₹108 ಜಿಎಸ್‌ಟಿ ಕಟ್ಟಿರ್ತೀರಿ. ಅಸಲು ಮಾತ್ರ ಹಾಕಿ ತೆರಿಗೆಯ ಪಾಲು ಬಿಡೋದು ಮಾಮೂಲಿ. ₹300 ಅಲ್ಲ, ₹354 ಕೇಳಿ.

ಮಂಗಳೂರು_ಮಾಲಿನಿ

ಮೂರನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಯಾಕೆಂದರೆ ಇದರಲ್ಲಿ ಜನ ಅತಿಯಾಗಿ ನಿರೀಕ್ಷೆ ಇಟ್ಟುಕೊಳ್ಳುತ್ತಾರೆ. ದರ ಏರಿಸುವುದು ತಪ್ಪಲ್ಲ. ತಿಳಿಸದೆ ಏರಿಸುವುದು ತಪ್ಪು.

ಖಾತೆ ತೆರೆಯುವಾಗ ಕೊಟ್ಟ ಕಾಗದಗಳಲ್ಲಿ "ಖಾತೆದಾರ ಮತ್ತು ಡಿಪಿಯ ಹಕ್ಕು-ಬಾಧ್ಯತೆಗಳು" ಅಂತ ಒಂದು ದಸ್ತಾವೇಜು ಇರುತ್ತದೆ. ಎಲ್ಲ ಡಿಪಿಗಳಿಗೂ ಒಂದೇ ಒಕ್ಕಣೆ. ಕನಿಷ್ಠ 30 ದಿನಗಳ ಲಿಖಿತ ನೋಟಿಸ್ ಕೊಡದೆ ಒಪ್ಪಿದ ಶುಲ್ಕ ಅಥವಾ ದರ ಏರಿಸುವಂತಿಲ್ಲ ಅಂತ ಅದರಲ್ಲಿದೆ. ಹಾಗಾಗಿ ಮೊದಲು ತಾರೀಕು ನೋಡಿ: ನೋಟಿಸ್ ಬಂದದ್ದು ಯಾವತ್ತು, ಹೊಸ ದರ ಲೆಡ್ಜರಿಗೆ ಬಿದ್ದದ್ದು ಯಾವತ್ತು. 30 ದಿನಕ್ಕಿಂತ ಕಡಿಮೆ ಅಂತರವಿದ್ದರೆ ಹೆಚ್ಚುವರಿ ಮೊತ್ತ ವಾಪಸ್ ಕೇಳಬಹುದು. ವೆಬ್‌ಸೈಟಿನ ದರಪಟ್ಟಿಯನ್ನು ಸದ್ದಿಲ್ಲದೆ ಬದಲಿಸುವುದು ಖಾತೆದಾರರಿಗೆ ಕೊಟ್ಟ ನೋಟಿಸ್ ಆಗುವುದಿಲ್ಲ ಎಂಬುದು ನನ್ನ ವಾದ. ಇಮೇಲ್ ಕಳಿಸಿದ್ದರೆ ಮಾತ್ರ "ನನ್ನ ಸ್ಪ್ಯಾಮ್ ಫೋಲ್ಡರಿಗೆ ಹೋಗಿತ್ತು" ಎಂಬುದು ನಿಲ್ಲುವುದಿಲ್ಲ.

ಹಳೆಯ ದರಪಟ್ಟಿಯ ಪಿಡಿಎಫ್ ಹುಡುಕಿ ಇಟ್ಟುಕೊಳ್ಳಿ. ಖಾತೆ ತೆರೆದ ದಿನ ಸಹಿ ಹಾಕಿದ ಅರ್ಜಿಯ ಪ್ರತಿ ಇಮೇಲಿನಲ್ಲಿ ಇರುತ್ತದೆ, ದರಪಟ್ಟಿ ಅದರ ಕೊನೆಯ ಪುಟಗಳಲ್ಲಿ. ಅದಿಲ್ಲದೆ "ಮೊದಲು ಇಷ್ಟಿತ್ತು" ಎಂದು ಹೇಳುವುದು ಗಾಳಿಯಲ್ಲಿ ಗುದ್ದಿದಂತೆ.

ಇನ್ನೊಂದು: ಈ 30 ದಿನದ ಮಾತು ಡಿಪಿ ಶುಲ್ಕಕ್ಕೆ, ಅಂದರೆ ಎಎಂಸಿ, ಡೆಬಿಟ್ ಚಾರ್ಜ್, ಪ್ಲೆಡ್ಜ್ ಚಾರ್ಜ್ ಇಂಥವಕ್ಕೆ. ಬ್ರೋಕರೇಜ್, ಅಂದರೆ ಕೊಳ್ಳುವ-ಮಾರುವ ವಹಿವಾಟಿನ ಕಮಿಷನ್, ಬೇರೆ ಒಪ್ಪಂದದ ವಿಷಯ. ಎರಡನ್ನೂ ಒಂದೇ ದೂರಿನಲ್ಲಿ ಕಲಸಿದರೆ ಬ್ರೋಕರೇಜಿನ ಬಗ್ಗೆ ಎರಡು ಪುಟ ಉತ್ತರ ಬರುತ್ತದೆ, ಎಎಂಸಿ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಪೇಟೆಬೀದಿ

ನಡುವೆ ಬಾಯಿ ಹಾಕ್ತೀನಿ. ಬಿಡೋ ಮೊದಲು ಬಿಎಸ್‌ಡಿಎ (ಸಣ್ಣ ಹೂಡಿಕೆದಾರರ ಕಡಿಮೆ ಶುಲ್ಕದ ಡಿಮ್ಯಾಟ್) ಯೋಚಿಸಿದ್ದೀರಾ?

2024ರ ಸೆಪ್ಟೆಂಬರ್ 1ರಿಂದ ಬೇಸಿಕ್ ಸರ್ವೀಸಸ್ ಡಿಮ್ಯಾಟ್ ಖಾತೆಯ ಮಿತಿ ₹10 ಲಕ್ಷ. ಹೂಡಿಕೆಯ ಮೌಲ್ಯ ₹4 ಲಕ್ಷದವರೆಗೆ ಎಎಂಸಿ ಸೊನ್ನೆ. ₹4 ಲಕ್ಷ ದಾಟಿ ₹10 ಲಕ್ಷದವರೆಗೆ ವರ್ಷಕ್ಕೆ ₹100. ಮೂರು ಲಕ್ಷದ ಷೇರು ಇಟ್ಟುಕೊಂಡು ₹600 ಎಎಂಸಿ ಬಗ್ಗೆ ಕೂಗಾಡೋ ಬದಲು ಒಂದು ಮೇಲ್ ಸಾಕು. ಅರ್ಹರಾಗಿದ್ದೂ ಮಾಮೂಲಿ ಖಾತೆಯೇ ಬೇಕು ಅಂತ ನೀವಾಗೇ ಇಮೇಲಿನಲ್ಲಿ ಒಪ್ಪದಿದ್ದರೆ ಬಿಎಸ್‌ಡಿಎ ಕೊಡಬೇಕಾದ್ದು ಡಿಪಿಯ ಕೆಲಸ.

ಷರತ್ತು: ಒಬ್ಬರೇ ಖಾತೆದಾರರಾಗಿ ಅಥವಾ ಮೊದಲ ಖಾತೆದಾರರಾಗಿ ನಿಮಗೆ ಒಂದೇ ಡಿಮ್ಯಾಟ್ ಇರಬೇಕು, ಎರಡೂ ಡಿಪಾಸಿಟರಿ ಸೇರಿ. ಬೇರೆ ಕಡೆ ಹೊಸ ಖಾತೆ ತೆರೆದು ಹಳೇದನ್ನು ಮರೆತವರು ಎರಡೂ ಕಡೆ ಪೂರ್ತಿ ಎಎಂಸಿ ಕಟ್ಟುತ್ತಾ ಕೂರೋದು ಇದಕ್ಕೇ.

ಸಹಿ_ಮುದ್ರೆ

ಅರ್ಜಿ ತಿರುಗಿ ಬರುವ ಕಾರಣಗಳನ್ನು ಬರೆಯುತ್ತೇನೆ. ಶುಲ್ಕದ ಜಗಳಕ್ಕಿಂತ ಹೆಚ್ಚು ದಿನ ನುಂಗುವುದು ಇವು.

ಹೆಸರು. ನಮ್ಮ ಕಡೆಯವರಿಗೆ ಇನಿಷಿಯಲ್ ಕಾಟ ದೊಡ್ಡದು. ಹಳೆಯ ಖಾತೆಯಲ್ಲಿ "ಎಚ್ ಎಸ್ ಮಂಜುನಾಥ" ಅಂತಿದ್ದು, ಹೊಸದರಲ್ಲಿ ಪ್ಯಾನ್ ನೋಡಿ "ಹೊಳಲ್ಕೆರೆ ಶಿವಣ್ಣ ಮಂಜುನಾಥ" ಅಂತ ಬಿಡಿಸಿ ಬರೆದಿದ್ದರೆ, ಪ್ಯಾನ್ ಒಂದೇ ಆದರೂ "ಎಲ್ಲ ರೀತಿಯಲ್ಲೂ ಒಂದೇ" ಎಂಬ ಷರತ್ತಿಗೆ ಕೊಕ್ಕೆ ಬೀಳುತ್ತದೆ. ಎರಡೂ ಖಾತೆಯ ಸಿಎಂಆರ್ ತೆಗೆದು ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ಪ್ಯಾನ್, ಜಂಟಿ ಖಾತೆದಾರರ ಕ್ರಮ ಮೂರನ್ನೂ ಹೋಲಿಸಿ. ವ್ಯತ್ಯಾಸವಿದ್ದರೆ ಮೊದಲು ಹಳೆಯ ಖಾತೆಯಲ್ಲಿ ಹೆಸರು ತಿದ್ದಿಸಿ, ಆಮೇಲೆ ಕ್ಲೋಷರ್ ಅರ್ಜಿ.

ಸಹಿ. ಆನ್‌ಲೈನ್‌ನಲ್ಲಿ ತೆರೆದ ಖಾತೆಗಳಲ್ಲಿ ಮೊಬೈಲ್ ಪರದೆ ಮೇಲೆ ಬೆರಳಲ್ಲಿ ಗೀಚಿದ ಸಹಿ ಇರುತ್ತದೆ. ಕಾಗದದ ಮೇಲೆ ಪೆನ್ನಿನಲ್ಲಿ ಹಾಕಿದ ಸಹಿ ಅದಕ್ಕೆ ಹೊಂದುವುದಿಲ್ಲ. ಆನ್‌ಲೈನ್ ಕ್ಲೋಷರ್ ಸೌಲಭ್ಯ ಇದ್ದರೆ ಆಧಾರ್ ಇ-ಸೈನ್ ಮೂಲಕವೇ ಮುಗಿಸಿ.

ಮೊಬೈಲ್ ನಂಬರು. ಆಫ್-ಮಾರ್ಕೆಟ್ ವರ್ಗಾವಣೆಗೆ ಡಿಪಾಸಿಟರಿಯಿಂದ ಒಟಿಪಿ ಬರುತ್ತದೆ, ನೀವು ಒಪ್ಪಿಗೆ ಕೊಡಬೇಕು. ಖಾತೆಯಲ್ಲಿ ಐದು ವರ್ಷ ಹಿಂದಿನ ನಂಬರಿದ್ದರೆ ಒಟಿಪಿ ಯಾರಿಗೋ ಹೋಗುತ್ತದೆ, ವರ್ಗಾವಣೆ ಬಿದ್ದುಹೋಗುತ್ತದೆ.

ಪ್ಲೆಡ್ಜ್. ಮಾರ್ಜಿನ್‌ಗೆ ಅಡವಿಟ್ಟ ಷೇರನ್ನು ಬಿಡಿಸಿಕೊಳ್ಳದೆ ಅದು ಅಲುಗುವುದಿಲ್ಲ. ಫ್ಯೂಚರ್ಸ್-ಆಪ್ಷನ್ಸ್ ಪೊಸಿಷನ್ ವರ್ಗಾವಣೆ ಆಗದು, ಮುಗಿಸಲೇಬೇಕು. ನಿನ್ನೆ ಕೊಂಡ ಷೇರು ಖಾತೆಗೆ ಬಂದು ಕೂರುವವರೆಗೆ ಕಾಯಿರಿ. ಮೂರು ವರ್ಷದ ಲಾಕ್-ಇನ್ ಮುಗಿಯದ ಇಎಲ್‌ಎಸ್‌ಎಸ್ (ತೆರಿಗೆ ಉಳಿಸುವ ಮ್ಯೂಚುವಲ್ ಫಂಡ್) ಯೂನಿಟ್ ಡಿಮ್ಯಾಟ್‌ನಲ್ಲಿದ್ದರೆ ಅರ್ಜಿ ಕೊಡುವ ಮೊದಲೇ ಡಿಪಿಯಿಂದ ಲಿಖಿತ ಉತ್ತರ ತೆಗೆದುಕೊಳ್ಳಿ, ಇಲ್ಲವಾದರೆ "ಎಲ್ಲ ಸೆಕ್ಯುರಿಟಿಗಳೂ" ಎಂಬ ಷರತ್ತು ಅಲ್ಲೇ ಮುರಿಯುತ್ತದೆ.

ಬಾಕಿ. ಲೆಡ್ಜರಿನಲ್ಲಿ ₹7 ಮೈನಸ್ ಇದ್ದರೂ ಕ್ಲೋಷರ್ ನಿಲ್ಲಿಸುತ್ತಾರೆ. ಏಳೇ ಏಳು ರೂಪಾಯಿ. ಅರ್ಜಿಗೆ ಹಿಂದಿನ ದಿನ ಲೆಡ್ಜರ್ ನೋಡಿ.

ಹಾಸನದ_ಹೂಡಿಕೆ

ಬಾಕಿ ವಿಷಯಕ್ಕೆ: ತಕರಾರಿರುವ ₹914.50 ಅನ್ನೇ ಅವರು ಬಾಕಿ ಅಂತ ತೋರಿಸಿ ಅರ್ಜಿ ತಡೆದರೆ? ಕಟ್ಟಿಬಿಡೋದಾ, ಹಿಡಿದು ಕೂರೋದಾ?

ಮಂಗಳೂರು_ಮಾಲಿನಿ

ಕಟ್ಟಬೇಡಿ. ಒಮ್ಮೆ ಕಟ್ಟಿದ ಮೇಲೆ ಅವರಿಗೆ ಉತ್ತರಿಸುವ ಅವಸರ ಇರುವುದಿಲ್ಲ.

ಡಿಪಿ_ಡೆಸ್ಕ್

ಮಾಲಿನಿ ಮೇಡಂ, ಇಲ್ಲಿ ನಾನು ಒಪ್ಪಲ್ಲ. ಬಾಕಿ ಮೇಲೆ ವಿಳಂಬ ಶುಲ್ಕ ಓಡುತ್ತೆ, ಎಎಂಸಿಯ ಮುಂದಿನ ತ್ರೈಮಾಸಿಕ ಬರುತ್ತೆ, ಷೇರು ಹಳೆಯ ಕಡೆಯೇ ಸಿಕ್ಕಿಕೊಂಡಿರುತ್ತೆ. ₹914ಕ್ಕೆ ಹಠ ಹಿಡಿದು ಆರೇಳು ಲಕ್ಷದ ಷೇರನ್ನು ಬೇಕಾದಾಗ ಮಾರಲಾಗದ ಜಾಗದಲ್ಲಿ ಬಿಡೋದು ಲೆಕ್ಕಾಚಾರವಲ್ಲ. ಆಕ್ಷೇಪಣೆ ದಾಖಲಿಸಿ ಕಟ್ಟಿ. ಕಟ್ಟುವ ಮೊದಲು ಒಂದು ಸಾಲಿನ ಮೇಲ್: "ಈ ಮೊತ್ತಕ್ಕೆ ನನ್ನ ಆಕ್ಷೇಪಣೆ ಇದೆ. ವರ್ಗಾವಣೆ ನಿಲ್ಲಬಾರದೆಂದು ಮಾತ್ರ ಪಾವತಿಸುತ್ತಿದ್ದೇನೆ. ವಾಪಸಾತಿಯ ಹಕ್ಕು ಕಾಯ್ದಿರಿಸಿಕೊಂಡಿದ್ದೇನೆ." ಆಮೇಲೆ ದೂರು.

ಮಂಗಳೂರು_ಮಾಲಿನಿ

ವರ್ಗಾವಣೆ ತುರ್ತಾಗಿದ್ದರೆ ನಿಮ್ಮ ಮಾತು ಸರಿ. ತುರ್ತಿಲ್ಲದಿದ್ದರೆ, ತ್ರೈಮಾಸಿಕದ ಗಡುವೂ ದೂರವಿದ್ದರೆ, ನಾನು ಮೂರು ವಾರ ಕಾಯಿರಿ ಎಂದೇ ಹೇಳುವುದು.

ಕಾಗದಪತ್ರ

ಮೊದಲ ದೂರಿನ ಪತ್ರದ ಮಾದರಿ. ಇಂಗ್ಲಿಷಿಗೆ ಹಾಕಿ ಕಳಿಸಿದರೆ ಬೇಗ ಆಗುತ್ತದೆ. ಕನ್ನಡದಲ್ಲಿ ಕಳಿಸಿದರೂ ತಪ್ಪಿಲ್ಲ, ಆದರೆ ದೂರು ನೋಡುವವರು ಮುಂಬೈಯಲ್ಲಿದ್ದರೆ ಅನುವಾದಕ್ಕೇ ನಾಲ್ಕು ದಿನ. ಸಹಾಯವಾಣಿ ಚಾಟ್‌ಗೆ ಹಾಕಬೇಡಿ. ಪ್ರತಿ ಡಿಪಿ, ಬ್ರೋಕರ್ ದೂರುಗಳಿಗೆಂದೇ ಪ್ರತ್ಯೇಕ ಇಮೇಲ್ ವಿಳಾಸ ಪ್ರಕಟಿಸಿರುತ್ತಾರೆ, ಅಲ್ಲಿಗೇ ಹೋಗಲಿ.

"ವಿಷಯ: ಬಿಒ ಐಡಿ (ಡಿಮ್ಯಾಟ್ ಖಾತೆ ಸಂಖ್ಯೆ) ______, ಖಾತೆ ಮುಚ್ಚುವಾಗ ವಿಧಿಸಿದ ಶುಲ್ಕದ ವಾಪಸಾತಿ.

ದಿನಾಂಕ ______ ರಂದು ಮೇಲ್ಕಂಡ ಖಾತೆಯ ಎಲ್ಲ ಸೆಕ್ಯುರಿಟಿಗಳನ್ನು ನನ್ನದೇ ಖಾತೆ ಸಂಖ್ಯೆ ______ ಕ್ಕೆ ವರ್ಗಾಯಿಸಿ ಖಾತೆ ಮುಚ್ಚಲು ಅರ್ಜಿ ಕೊಟ್ಟಿದ್ದೇನೆ (ಸ್ವೀಕೃತಿ ಸಂಖ್ಯೆ ______). ಎರಡೂ ಖಾತೆಗಳ ಹೆಸರು, ಪ್ಯಾನ್ ಮತ್ತು ಖಾತೆದಾರರ ಕ್ರಮ ಒಂದೇ. ಎರಡರ ಸಿಎಂಆರ್ ಲಗತ್ತಿಸಿದೆ. 2005ರ ನವೆಂಬರ್ 9ರ ಸೆಬಿ ಸುತ್ತೋಲೆ ಹಾಗೂ ಡಿಪಾಸಿಟರಿಗಳ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಇಂಥ ವರ್ಗಾವಣೆಗೆ ಶುಲ್ಕವಿಲ್ಲ. ದಿನಾಂಕ ______ ರಂದು ಲೆಡ್ಜರಿನಲ್ಲಿ ಖರ್ಚು ಹಾಕಿದ ₹775 ಮತ್ತು ಜಿಎಸ್‌ಟಿ ₹139.50, ಒಟ್ಟು ₹914.50 ಹಿಂದಿರುಗಿಸಿ. 2010ರ ಜುಲೈ 1ರ ಸುತ್ತೋಲೆಯಂತೆ ಉಳಿದ ______ ತ್ರೈಮಾಸಿಕಗಳ ಎಎಂಸಿಯನ್ನೂ ಹಿಂದಿರುಗಿಸಿ. ನಿರಾಕರಿಸುವುದಾದರೆ ಯಾವ ನಿಯಮದ ಮೇಲೆ ಎಂದು ಲಿಖಿತವಾಗಿ ತಿಳಿಸಿ."

ಕೊನೆಯ ಸಾಲು ಬಿಡಬೇಡಿ. "ಕಂಪನಿ ನೀತಿಯ ಪ್ರಕಾರ" ಅಂತ ಉತ್ತರ ಬಂದರೆ ಅದೇ ಮುಂದಿನ ಹಂತದಲ್ಲಿ ನಿಮ್ಮ ಮುಖ್ಯ ದಾಖಲೆ.

ಬಗೆಹರಿಯದಿದ್ದರೆ ಸೆಬಿಯ ಆನ್‌ಲೈನ್ ದೂರು ಪೋರ್ಟಲ್ ಸ್ಕೋರ್ಸ್. 2024ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿದೆ. ದೂರು ನೇರವಾಗಿ ಕಂಪನಿಗೆ ಹೋಗುತ್ತದೆ, 21 ದಿನದಲ್ಲಿ ಅವರು ಕ್ರಮದ ವರದಿ ಹಾಕಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮೊದಲ ಮರುಪರಿಶೀಲನೆ ಕೇಳಿ, ಅದನ್ನು ನೋಡುವುದು ಡಿಪಾಸಿಟರಿ ಅಥವಾ ಎಕ್ಸ್‌ಚೇಂಜ್. ಅಲ್ಲೂ ಆಗದಿದ್ದರೆ ಮತ್ತೆ 15 ದಿನದೊಳಗೆ ಎರಡನೇ ಮರುಪರಿಶೀಲನೆ, ಅದು ಸೆಬಿಯ ಮುಂದೆ. ಈ 15 ದಿನ ನಿಮ್ಮ ಮೇಲಿನ ಗಡುವು. ತಪ್ಪಿಸಿದರೆ ದೂರು ಮುಗಿದಂತೆ. ಕಾರಣ ಹುಟ್ಟಿದ ಒಂದು ವರ್ಷದೊಳಗೆ ಸ್ಕೋರ್ಸ್‌ಗೆ ಬರಬೇಕು, ಕಂಪನಿಗೆ ಮೊದಲೇ ಬರೆದಿರಬೇಕು. ಸೆಬಿ ಸಹಾಯವಾಣಿ 1800 266 7575, ಉಚಿತ.

ಇನ್ನೊಂದು ದಾರಿ ಸ್ಮಾರ್ಟ್ ಒಡಿಆರ್, ಆನ್‌ಲೈನ್‌ನಲ್ಲಿ ವಿವಾದ ಬಗೆಹರಿಸುವ ಪೋರ್ಟಲ್, 2023ರಲ್ಲಿ ಬಂದದ್ದು. ಮೊದಲು ಆನ್‌ಲೈನ್ ಸಂಧಾನ: ಸಂಧಾನಕಾರರು ನೇಮಕವಾದ 21 ದಿನದಲ್ಲಿ ಮುಗಿಯಬೇಕು, ಇಬ್ಬರೂ ಒಪ್ಪಿದರೆ 10 ದಿನ ಹೆಚ್ಚು. ಆಗದಿದ್ದರೆ ಆರ್ಬಿಟ್ರೇಷನ್, ಅಂದರೆ ಮಧ್ಯಸ್ಥಗಾರರ ತೀರ್ಪು. ಸ್ಕೋರ್ಸ್‌ನಲ್ಲಿ ದೂರು ಬಾಕಿ ಇರುವಾಗ ಅದೇ ವಿಷಯಕ್ಕೆ ಒಡಿಆರ್ ಬಾಗಿಲು ತೆರೆಯದು. ಒಂಬೈನೂರು ರೂಪಾಯಿಗೆ ಆರ್ಬಿಟ್ರೇಷನ್‌ವರೆಗೆ ಹೋಗುವುದು ನನ್ನ ಲೆಕ್ಕದಲ್ಲಿ ಗಿಟ್ಟುವುದಿಲ್ಲ, ಅಲ್ಲಿ ಶುಲ್ಕ ಇದೆ. ಸಂಧಾನದಲ್ಲೇ ಮುಗಿಯುವಂತೆ ಕಾಗದ ಗಟ್ಟಿ ಮಾಡಿಕೊಳ್ಳಿ.

ಪೇಟೆಬೀದಿ

ಗ್ರಾಹಕರ ಆಯೋಗ?

ಕಾಗದಪತ್ರ

ಹೋಗಬಹುದು. ಪಾವತಿಸಿದ ಮೊತ್ತ ₹5 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದಾಖಲಿಸಬೇಕು. ಆದರೆ ದಿನನಿತ್ಯ ಟ್ರೇಡಿಂಗ್ ಮಾಡುವವರಾದರೆ "ಇವರು ಗ್ರಾಹಕರಲ್ಲ, ವ್ಯಾಪಾರಿಗಳು" ಎಂಬ ವಾದ ಎದುರಿಗೆ ಬರುತ್ತದೆ. ಇನ್ನೊಂದು ಕೊಕ್ಕೆ: 2019ರ ಕಾಯ್ದೆಯಲ್ಲಿ "ಅನ್ಯಾಯದ ಒಪ್ಪಂದ" ಎಂಬ ದೂರನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಜಿಲ್ಲೆಯಲ್ಲಿ ಹಾಕುವುದಾದರೆ ಸೇವಾ ನ್ಯೂನತೆ ಎಂದು ಬರೆಯಿರಿ.

ಫೋಲಿಯೊ

ಮ್ಯೂಚುವಲ್ ಫಂಡ್ ಇರುವವರಿಗೆ ಮೇಲಿನ ಮುಕ್ಕಾಲು ಚರ್ಚೆ ಬೇಡ. ಯೂನಿಟ್‌ಗಳು ಡಿಮ್ಯಾಟ್‌ನಲ್ಲಿ ಇಲ್ಲದಿದ್ದರೆ ಅವು ಇರುವುದು ಫಂಡ್ ಹೌಸ್‌ನಲ್ಲಿ ನಿಮ್ಮ ಹೆಸರಿನ ಖಾತೆ, ಅಂದರೆ ಫೋಲಿಯೊದಲ್ಲಿ. ಆ್ಯಪ್ ಬರೀ ಕಿಟಕಿ. ಆ್ಯಪ್ ಶುಲ್ಕ ಏರಿಸಿತೋ, ಬಿಟ್ಟುಬಿಡಿ. ಅದೇ ಫೋಲಿಯೊವನ್ನು ಫಂಡ್ ಹೌಸ್ ಸೈಟಿನಲ್ಲೋ ಎಲ್ಲ ಫಂಡ್ ಹೌಸ್‌ಗಳಿಗೂ ಸೇರಿದ ಎಂಎಫ್ ಸೆಂಟ್ರಲ್ ಪೋರ್ಟಲ್‌ನಲ್ಲೋ ತೆರೆಯಿರಿ. ವರ್ಗಾವಣೆಯೇ ಇಲ್ಲ, ಶುಲ್ಕ ಎಲ್ಲಿಂದ? ಹಳೆಯ ಆ್ಯಪ್‌ನ ಎಸ್‌ಐಪಿ ಮಾತ್ರ ಅಲ್ಲೇ ನಿಲ್ಲಿಸಿ, ಬ್ಯಾಂಕಿನ ಮ್ಯಾಂಡೇಟ್ ಕೂಡ ರದ್ದು ಮಾಡಿ.

"ಬಿಟ್ಟರೆ 1% ಎಕ್ಸಿಟ್ ಲೋಡ್ ಬೀಳುತ್ತೆ" ಅಂತ ಆ್ಯಪ್‌ನವರು ಹೆದರಿಸಿದರೆ ನಂಬಬೇಡಿ. ಎಕ್ಸಿಟ್ ಲೋಡ್, ಅಂದರೆ ಹೊರಹೋಗುವಾಗಿನ ಕಡಿತ, ಬೀಳುವುದು ಯೂನಿಟ್ ಮಾರಿದಾಗ ಅಥವಾ ಬೇರೆ ಸ್ಕೀಮಿಗೆ ಬದಲಿಸಿದಾಗ. ಆ ಹಣ ಆ್ಯಪ್‌ಗೆ ಹೋಗುವುದೂ ಇಲ್ಲ, 2012ರ ಅಕ್ಟೋಬರ್‌ನಿಂದ ಅದು ಸ್ಕೀಮಿಗೇ ಜಮಾ. ಹುಷಾರಾಗಬೇಕಾದ್ದು ಒಂದೇ ಕಡೆ: ರೆಗ್ಯುಲರ್ ಪ್ಲಾನ್‌ನಿಂದ (ಮಧ್ಯವರ್ತಿಗೆ ಕಮಿಷನ್ ಇರುವುದು) ಡೈರೆಕ್ಟ್‌ಗೆ (ಕಮಿಷನ್ ಇಲ್ಲದ್ದು) ಹೋದರೆ ಮಾರಿ ಕೊಂಡಂತೆಯೇ, ಲೋಡೂ ಉಂಟು, ಬಂಡವಾಳ ಲಾಭ ತೆರಿಗೆಯೂ ಉಂಟು. ಒಂದು ವರ್ಷದೊಳಗಿನ ಯೂನಿಟ್‌ಗೆ ಲೋಡ್ ಇರುವ ಸ್ಕೀಮಾದರೆ ವರ್ಷ ತುಂಬಿದವನ್ನು ಮೊದಲು ಬದಲಿಸಿ.

ಫಂಡ್ ಹೌಸೇ ಲೋಡ್ ಏರಿಸಿದರೆ ಅದು ಮುಂದಿನ ಹೂಡಿಕೆಗೆ ಮಾತ್ರ, ಹಳೆಯ ಯೂನಿಟ್‌ಗೆ ತಗುಲಬಾರದು. ಸ್ಕೀಮಿನ ಮೂಲ ಸ್ವರೂಪವನ್ನೇ ಬದಲಿಸಿದರೆ ಲೋಡ್ ಇಲ್ಲದೆ ಹೊರಹೋಗಲು 30 ದಿನದ ಕಿಟಕಿ ಕೊಡಬೇಕು. ಆ ಪತ್ರ ಜಾಹೀರಾತಿನ ಮೇಲ್‌ನಂತೆ ಕಾಣುತ್ತೆ, ಓದದೆ ಅಳಿಸಬೇಡಿ.

ಐವತ್ತು_ಲಕ್ಷ

ಪಿಎಂಎಸ್‌ನವರು (ಪೋರ್ಟ್‌ಫೋಲಿಯೊ ನಿರ್ವಹಣಾ ಸೇವೆ, ಅಂದರೆ ದೊಡ್ಡ ಮೊತ್ತವನ್ನು ಮ್ಯಾನೇಜರ್ ಕೈಗೆ ಕೊಟ್ಟು ಹೂಡಿಸುವವರು) ಯಾರೂ ಇಲ್ಲವೇ? ಹೊರಹೋಗುವ ಶುಲ್ಕ ನಿಜವಾಗಿ ನೋಯುವುದು ಅಲ್ಲಿ. ಸೆಬಿ ಮಿತಿ ಹಾಕಿರುವುದು ಹೀಗೆ, 2020ರ ಅಕ್ಟೋಬರ್ 1ರಿಂದ: ಮೊದಲ ವರ್ಷ ಗರಿಷ್ಠ 3%, ಎರಡನೇ ವರ್ಷ 2%, ಮೂರನೇ ವರ್ಷ 1%, ಮೂರು ವರ್ಷದ ನಂತರ ಇಲ್ಲ. 14ನೇ ತಿಂಗಳಲ್ಲಿ ₹60 ಲಕ್ಷ ತೆಗೆದರೆ ಗರಿಷ್ಠ ₹1,20,000. ಇದು ಮೇಲ್ಮಿತಿ. ನಿಮ್ಮ ಒಪ್ಪಂದದಲ್ಲಿ 1% ಅಂತಿದ್ದರೆ ₹60,000 ಮಾತ್ರ, ಮಿತಿ ತೋರಿಸಿ 2% ಕೇಳಲಾಗದು.

ಶುಲ್ಕದ ಅನುಬಂಧಕ್ಕೆ ಗ್ರಾಹಕ ಪ್ರತ್ಯೇಕವಾಗಿ ಸಹಿ ಹಾಕಿ, ಶುಲ್ಕ ಅರ್ಥವಾಗಿದೆ ಎಂದು ತಾನೇ ಬರೆದಿರಬೇಕು, ಡಿಜಿಟಲ್ ಆಗಿ ಸೇರಿದ್ದರೆ ತಾನೇ ಟೈಪ್ ಮಾಡಿರಬೇಕು. ಶುಲ್ಕ ಏರಿಸಿದ್ದೇವೆ ಅಂದರೆ ಮೊದಲ ಪ್ರಶ್ನೆ: "ಏರಿಸಿದ ದರಕ್ಕೆ ನಾನೇ ಬರೆದುಕೊಟ್ಟ ಪುಟ ತೋರಿಸಿ."

ತೆರಿಗೆ_ಪಟ್ಟಿ

ಖಾತೆ ಮುಚ್ಚುವ ಮೊದಲು ಇಳಿಸಿಕೊಳ್ಳಬೇಕಾದ್ದು: ಖಾತೆ ತೆರೆದ ದಿನದಿಂದ ಇಂದಿನವರೆಗಿನ ಟ್ರೇಡ್ ಬುಕ್, ಕಾಂಟ್ರಾಕ್ಟ್ ನೋಟ್, ಲೆಡ್ಜರ್, ಡಿಮ್ಯಾಟ್ ವಹಿವಾಟಿನ ಸ್ಟೇಟ್‌ಮೆಂಟ್, ವರ್ಷವಾರು ತೆರಿಗೆ ವರದಿ. ಲಾಗಿನ್ ಬಂದ್ ಆದ ಮೇಲೆ ಒಂದೊಂದಕ್ಕೂ ಮೇಲ್ ಬರೆದು ಬೇಡಬೇಕು.

ಯಾಕೆಂದರೆ ಷೇರು ಮಾತ್ರ ಹೊಸ ಖಾತೆಗೆ ಹೋಗುತ್ತದೆ, ಕೊಂಡ ಬೆಲೆ ಹೋಗುವುದಿಲ್ಲ. ಹೊಸ ಆ್ಯಪ್‌ನಲ್ಲಿ ಸರಾಸರಿ ಬೆಲೆ ಸೊನ್ನೆ ಅಂತಲೋ ವರ್ಗಾವಣೆಯ ದಿನದ ಬೆಲೆ ಅಂತಲೋ ಕಾಣುತ್ತದೆ. ನೀವೇ ತುಂಬಬೇಕು. ತುಂಬದೆ ಮುಂದೆ ಮಾರಿದರೆ ಆ್ಯಪ್ ಕೊಡುವ ತೆರಿಗೆ ವರದಿ ಪೂರ್ತಿ ತಪ್ಪು. ನಿಮ್ಮದೇ ಖಾತೆಗಳ ನಡುವಿನ ವರ್ಗಾವಣೆ ಮಾರಾಟವಲ್ಲ, ಅದಕ್ಕೆ ತೆರಿಗೆಯಿಲ್ಲ, ಹಣದ ಪ್ರತಿಫಲ ಇಲ್ಲದ ಕಾರಣ ಸ್ಟಾಂಪ್ ಡ್ಯೂಟಿಯೂ ಇಲ್ಲ. ದೀರ್ಘಾವಧಿ ಲಾಭ ಎನಿಸಲು ಬೇಕಾದ 12 ತಿಂಗಳನ್ನು ಮೊದಲು ಕೊಂಡ ದಿನದಿಂದಲೇ ಎಣಿಸುತ್ತಾರೆ. 2018ರ ಫೆಬ್ರವರಿ 1ಕ್ಕಿಂತ ಮೊದಲು ಕೊಂಡ ಷೇರಿದ್ದರೆ ಜನವರಿ 31ರ ಗರಿಷ್ಠ ಬೆಲೆಯನ್ನೂ ಬರೆದಿಟ್ಟುಕೊಳ್ಳಿ, ತೆರಿಗೆ ಲೆಕ್ಕಕ್ಕೆ ಬೇಕು.

ಬಸವನಗುಡಿ_ಬಂಡವಾಳ

ಎಲ್ಲರಿಗೂ ಧನ್ಯವಾದ. ಒಂದೇ ಉಳಿದದ್ದು: ಖಾತೆ ಮುಚ್ಚಿತು ಅಂತ ಗೊತ್ತಾಗೋದು ಹೇಗೆ? ಆ್ಯಪ್ ಲಾಗಿನ್ ಆಗದಿದ್ದರೆ ಸಾಕಾ?

ಕೆಎ25

ಸಾಲೂದಿಲ್ರೀ. ಎಷ್ಟೋ ಸಲ ಟ್ರೇಡಿಂಗ್ ಖಾತಿ ಮುಚ್ಚಿರ್ತಾರ, ಡಿಮ್ಯಾಟ್ ಹಂಗ ಇರ್ತದ, ಎಎಂಸಿ ಓಡತಾ ಇರ್ತದ. ಎರಡಕ್ಕೂ ಬ್ಯಾರೆ ಬ್ಯಾರೆ ಬರದ ಕೇಳ್ರಿ. ಮುಂದಿನ ತಿಂಗಳ ಡಿಪಾಸಿಟರಿ ಕಳಸೋ ಕ್ರೋಢೀಕೃತ ಸ್ಟೇಟ್‌ಮೆಂಟ್, ಅದs ಸಿಎಎಸ್, ತಗದ ನೋಡ್ರಿ. ಹಳೇ ಡಿಪಿ ಹೆಸರು ಅದರಾಗ ಇನ್ನೂ ಇದ್ರ ಕ್ಲೋಷರ್ ಆಗಿಲ್ಲ. ಸ್ವೀಕೃತಿ ನಂಬರ ಹಾಕಿ ಮತ್ತೊಂದ ಮೇಲ್ ಬಿಡ್ರಿ.